ಮೊಮ್ಮಗು, ಅಕ್ಕನ ಮಗು, ತಂಗಿಯ ಮಗು: ಸಾಕುವ ಬಂಧುಗಳಿಗೆ ಕೆಲಸದಿಂದ ರಜೆ ಸಿಗುವ ದಾರಿ ಯಾವುದು?

ಕೊಡಗಿನಲ್ಲಿ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆ ಜೋರಾಗಿ, ನಾಳೆ ಶಾಲೆ ಮತ್ತು ಅಂಗನವಾಡಿಗಳಿಗೆ ರಜೆ ಎಂಬ ಜಿಲ್ಲಾಡಳಿತದ ಪ್ರಕಟಣೆ ರಾತ್ರಿ ಮೊಬೈಲಿಗೆ ಬಂದರೆ, ಆ ರಜೆ ಮಗುವಿಗೆ ಮಾತ್ರ. ಮಗುವನ್ನು ನೋಡಿಕೊಳ್ಳುವವರಿಗೆ ಅಲ್ಲ. ಮರುದಿನ ಬೆಳಿಗ್ಗೆ ತೋಟದಲ್ಲಿ ಎಂದಿನಂತೆ ಹಾಜರಿ ಕರೆಯುತ್ತಾರೆ, ರೆಸಾರ್ಟಿನಲ್ಲಿ ಪಾಳಿ ಶುರುವಾಗುತ್ತದೆ, ಕಚೇರಿಯ ಬಾಗಿಲು ತೆರೆಯುತ್ತದೆ. ಹೆತ್ತವರಿಗೇ ಕಷ್ಟವಾದ ಈ ಹೊಂದಾಣಿಕೆ ಮೊಮ್ಮಗುವನ್ನು ಸಾಕುವ ಅಜ್ಜಿಗೆ, ಅಕ್ಕನ ಮಗುವನ್ನು ಬೆಳೆಸುವ ಚಿಕ್ಕಮ್ಮನಿಗೆ, ತಂಗಿಯ ಮಕ್ಕಳನ್ನು ಮನೆಗೆ ಕರೆತಂದ ಸೋದರಮಾವನಿಗೆ ಇನ್ನೂ ಕಷ್ಟ. ಅವರು ರಜೆ ಕೇಳಲು ಹೋದಾಗ ಮೊದಲು ಎದುರಾಗುವ ಪ್ರಶ್ನೆ, "ಮಗು ನಿಮ್ಮದೇನಾ?" ಎಂಬುದು.

ಕೊಡಗಿನಲ್ಲಿ ಇಂತಹ ಮನೆಗಳು ಅಪರೂಪವಲ್ಲ. ಮಗಳೂ ಅಳಿಯನೂ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುತ್ತಿದ್ದು ಮಗು ವಿರಾಜಪೇಟೆಯ ಅಜ್ಜಿಯ ಬಳಿ ಇರುವುದುಂಟು; ತಾಯಿ ತೀರಿಕೊಂಡ ಮೇಲೆ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ದೊಡ್ಡಮ್ಮನೇ ಸಾಕುತ್ತಿರುವುದುಂಟು. ಒಕ್ಕದ, ಅಂದರೆ ಕೊಡವ ಕೂಡುಕುಟುಂಬದ ಬದುಕಿನಲ್ಲಿ ಮಗು ಯಾರ ಮಡಿಲಲ್ಲಿ ಬೆಳೆಯುತ್ತದೆ ಎಂದು ಯಾರೂ ಕಾಗದ ಕೇಳುತ್ತಿರಲಿಲ್ಲ. ಆದರೆ ರಜೆಯ ಕಾನೂನು ನೋಡುವುದು ಕಾಗದವನ್ನೇ. ಮಗುವಿಗೆ ಊಟ ಮಾಡಿಸುವವರು ಯಾರು, ಜ್ವರ ಬಂದಾಗ ರಾತ್ರಿ ಎಚ್ಚರವಿರುವವರು ಯಾರು ಎಂಬುದನ್ನಲ್ಲ. ಬ್ರಿಟನ್ನಿನಲ್ಲಿ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯು, ತನ್ನನ್ನೇ ನಂಬಿಕೊಂಡಿರುವ ಅವಲಂಬಿತರಿಗೆ ತುರ್ತು ಬಂದಾಗ ಸಂಬಳವಿಲ್ಲದಿದ್ದರೂ ಕೆಲಸದಿಂದ ಬಿಡುವು ಪಡೆಯುವ ಹಕ್ಕನ್ನು ನೌಕರರಿಗೆ ಕೊಡುತ್ತದೆ. ನಮ್ಮಲ್ಲಿ ಖಾಸಗಿ ಕೆಲಸಗಾರರಿಗೆ ಅದಕ್ಕೆ ಸರಿಸಾಟಿಯಾದ ಸಾಮಾನ್ಯ ಹಕ್ಕು ಇಲ್ಲ. ಆದ್ದರಿಂದ ಇಲ್ಲಿ ಬಂಧುಗಳು ಆರಿಸಬೇಕಾದದ್ದು ನೇರವಾಗಿ ರಜೆಯನ್ನಲ್ಲ, ಮಗುವಿನೊಂದಿಗಿನ ಕಾನೂನು ಸಂಬಂಧವನ್ನು. ರಜೆ ಅದರ ಬೆನ್ನಿಗೆ ಬರುತ್ತದೆ, ಅಥವಾ ಬರುವುದಿಲ್ಲ.

ದಾರಿಗಳು ಮುಖ್ಯವಾಗಿ ನಾಲ್ಕು. ಯಾವ ಕಾಗದವೂ ಇಲ್ಲದೆ ಸಾಕುತ್ತ, ಎಲ್ಲ ಕೆಲಸಗಾರರಿಗೂ ಇರುವ ಮಾಮೂಲಿ ರಜೆಯನ್ನೇ ಜಾಣತನದಿಂದ ಬಳಸುವುದು ಒಂದು. ನ್ಯಾಯಾಲಯದಿಂದ ಪಾಲಕತ್ವದ ಆದೇಶ, ಅಂದರೆ ಗಾರ್ಡಿಯನ್‌ಶಿಪ್ ಪಡೆಯುವುದು ಎರಡನೆಯದು. ದತ್ತು ತೆಗೆದುಕೊಳ್ಳುವುದು ಮೂರನೆಯದು. ಸರ್ಕಾರದ ಪ್ರಾಯೋಜಕತ್ವದ ಹಣ ಪಡೆದು, ಅದರ ಬಲದಿಂದ ಸಂಬಳವಿಲ್ಲದ ದಿನಗಳನ್ನು ತಾಳಿಕೊಳ್ಳುವುದು ನಾಲ್ಕನೆಯದು.

ಯಾವುದನ್ನು ಆರಿಸುವ ಮೊದಲೂ ಐದು ಸಂಗತಿಗಳನ್ನು ಕೇಳಿಕೊಳ್ಳಬೇಕು. ಮಗುವಿನ ವಯಸ್ಸೆಷ್ಟು ಎಂಬುದು ಮೊದಲನೆಯದು. ದತ್ತು ರಜೆಯ ನಿಯಮಗಳೆಲ್ಲ ಎಳೆಗೂಸಿನ ಸುತ್ತಲೇ ಹೆಣೆದಂಥವು. ಹೆತ್ತವರು ಬದುಕಿದ್ದಾರೆಯೇ, ಬದುಕಿದ್ದರೆ ಒಪ್ಪಿಗೆ ಕೊಡಬಲ್ಲರೇ ಎಂಬುದು ಎರಡನೆಯದು. ನಿಮ್ಮ ಕೆಲಸ ಕೇಂದ್ರ ಸರ್ಕಾರದ್ದೋ, ರಾಜ್ಯ ಸರ್ಕಾರದ್ದೋ, ತೋಟದ್ದೋ, ಅಂಗಡಿ ಅಥವಾ ಹೋಟೆಲಿನದೋ, ದಿನಗೂಲಿಯದೋ ಎಂಬುದು ಮೂರನೆಯದು. ನಾನು ಕಂಡಂತೆ ಉಳಿದ ನಾಲ್ಕು ಪ್ರಶ್ನೆಗಳಿಗಿಂತ ಇದೊಂದೇ ಹೆಚ್ಚು ತೂಗುತ್ತದೆ. ನಿಮಗೆ ಸ್ವಂತ ಮಕ್ಕಳೆಷ್ಟು ಎಂಬುದು ನಾಲ್ಕನೆಯದು, ಇದು ಯಾಕೆಂದು ಮುಂದೆ ತಿಳಿಯುತ್ತದೆ. ರಜೆಯ ಹೊರತಾಗಿ ಇನ್ನೇನೇನು ಬದಲಾಗುತ್ತದೆ, ಅಂದರೆ ಮಗುವಿನ ಹೆಸರು, ಒಕ್ಕ, ಆಸ್ತಿಯ ಪಾಲು, ಹುಟ್ಟಿದ ಮನೆಯ ನಂಟು ಏನಾಗುತ್ತದೆ ಎಂಬುದು ಐದನೆಯದು. ಹಣ ಮತ್ತು ಕಾಲದ ಲೆಕ್ಕ ಈ ಐದರ ನಡುವೆಯೂ ಹಾದುಹೋಗುತ್ತದೆ.

ಕಾಗದವಿಲ್ಲದೆ, ಮಾಮೂಲಿ ರಜೆಯಲ್ಲಿ

ಹೆಚ್ಚಿನವರು ಇರುವುದು ಈ ದಾರಿಯಲ್ಲೇ. ಹಲವರಿಗೆ ಇದೇ ಸಾಕು ಎಂಬುದು ನನ್ನ ಅಭಿಪ್ರಾಯ; ಆದರೆ ತಮಗೆ ಎಷ್ಟು ರಜೆ ಬರುತ್ತದೆ ಎಂಬುದನ್ನೇ ಅನೇಕರು ಎಣಿಸಿರುವುದಿಲ್ಲ.

5 ಹೆಕ್ಟೇರು ಅಥವಾ ಅದಕ್ಕಿಂತ ದೊಡ್ಡದಾದ, ಕಾನೂನು ಹೇಳುವಷ್ಟು ಸಂಖ್ಯೆಯ ಕಾರ್ಮಿಕರಿರುವ ಕಾಫಿ ತೋಟದಲ್ಲಿ ದುಡಿಯುವವರಿಗೆ, 20 ದಿನದ ಕೆಲಸಕ್ಕೆ 1 ದಿನದಂತೆ ಸಂಬಳಸಹಿತ ರಜೆ ಸಲ್ಲಬೇಕು, ಅದನ್ನು 30 ದಿನಗಳವರೆಗೆ ಕೂಡಿಡಬಹುದು. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲಿದ್ದ ಈ ಲೆಕ್ಕ, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಮುಂದುವರಿದಿದೆ. ಈ ರಜೆಯನ್ನು ಯಾವ ಕಾರಣಕ್ಕೆ ಬಳಸುತ್ತೀರಿ ಎಂದು ಕಾನೂನು ಕೇಳುವುದಿಲ್ಲ, ಮಗು ನಿಮ್ಮದೋ ಅಲ್ಲವೋ ಎಂದೂ ಕೇಳುವುದಿಲ್ಲ. ಹಾಗಾಗಿ ಮೊಮ್ಮಗುವನ್ನು ಸಾಕುವ ಅಜ್ಜಿಗೆ ಇದು ಎಲ್ಲಕ್ಕಿಂತ ಗಟ್ಟಿಯಾದ ಹಕ್ಕು. ತೊಂದರೆ ಇರುವುದು ಅದನ್ನು ಯಾವಾಗ ಬಳಸಬೇಕೆಂಬಲ್ಲಿ. ಅರೇಬಿಕಾ ಮತ್ತು ರೊಬಸ್ಟಾದ ಕೊಯ್ಲು ನವೆಂಬರಿನಿಂದ ಫೆಬ್ರವರಿ, ಮಾರ್ಚಿನವರೆಗೆ ನಡೆಯುವಾಗ, ತೋಟದ ಹಾಜರಿ, ಲೆಕ್ಕ ನೋಡುವ ರೈಟರ್ ಯಾರಿಗೂ ಸುಲಭವಾಗಿ ರಜೆ ಕೊಡುವುದಿಲ್ಲ, ಕೊಯ್ದ ಹಣ್ಣಿನ ತೂಕಕ್ಕೆ ಹೆಚ್ಚು ಕೂಲಿ ಸಿಗುವ ಆ ದಿನಗಳನ್ನು ಬಿಡಲು ಕೆಲಸದವರಿಗೂ ಮನಸ್ಸಿರುವುದಿಲ್ಲ. ಅದೃಷ್ಟಕ್ಕೆ ಆಗ ಶಾಲೆ ನಡೆಯುತ್ತಿರುತ್ತದೆ. ಮಗು ಏಕಾಏಕಿ ಮನೆಯಲ್ಲಿ ಉಳಿಯುವುದು ಜೂನ್ ಕೊನೆಯಿಂದ ಆಗಸ್ಟಿನವರೆಗೆ. ಆದ್ದರಿಂದ ಕೂಡಿಟ್ಟ ರಜೆಯನ್ನು ಮದುವೆಗೂ ಹುತ್ತರಿ ಹಬ್ಬಕ್ಕೂ ಖರ್ಚು ಮಾಡದೆ, ಅದರಲ್ಲಿ ಹತ್ತು ದಿನವನ್ನಾದರೂ ಮಳೆಗಾಲಕ್ಕೆ ಎತ್ತಿಡುವುದು ಜಾಣತನ. ಅಜ್ಜ, ಅಜ್ಜಿ ಇಬ್ಬರೂ ಒಂದೇ ತೋಟದಲ್ಲಿದ್ದರೆ ಒಬ್ಬರಾದ ಮೇಲೆ ಒಬ್ಬರಂತೆ ರಜೆ ಹಾಕುವುದಾಗಿ ಮೊದಲೇ ಹೇಳಿಟ್ಟರೆ, ಮೇಸ್ತ್ರಿಗೂ ಆಳುಗಳ ಲೆಕ್ಕ ತಪ್ಪುವುದಿಲ್ಲ.

ಹೋಟೆಲು, ರೆಸಾರ್ಟು, ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅನ್ವಯಿಸುತ್ತದೆ. ಅದರ 15ನೇ ಪ್ರಕರಣದಲ್ಲಿ 20 ದಿನಕ್ಕೆ 1 ದಿನದ ಗಳಿಕೆ ರಜೆಯಲ್ಲದೆ, ವರ್ಷಕ್ಕೆ 12 ದಿನಗಳವರೆಗೆ ಇನ್ನೊಂದು ಸಂಬಳಸಹಿತ ರಜೆಯೂ ಇದೆ. ಇದನ್ನು ಎಲ್ಲರೂ ಕಾಯಿಲೆ ರಜೆ ಎಂದೇ ಕರೆಯುತ್ತಾರೆ. ಆದರೆ ಕಾಯ್ದೆಯ ಮಾತಿನಲ್ಲಿ ಕಾಯಿಲೆ, ಅಪಘಾತಗಳ ಜೊತೆಗೆ "ಬೇರೆ ಯಾವುದೇ ಸಮಂಜಸ ಕಾರಣ" ಎಂಬ ಅರ್ಥದ ಪದಗಳೂ ಇವೆ. ಮೊದಲ ವರ್ಷದಿಂದಲೇ ಸಿಗುವ ಈ ರಜೆಯನ್ನು, ಮಡಿಕೇರಿಯ ರೆಸಾರ್ಟಿನಲ್ಲಿ ದುಡಿಯುವ ಸೋದರಮಾವ ತಂಗಿಯ ಮಗಳಿಗೆ ಜ್ವರ ಬಂದ ದಿನ ಕೇಳಿದರೆ, ಅದನ್ನು ಸಮಂಜಸ ಕಾರಣವಲ್ಲ ಎಂದು ತಳ್ಳಿಹಾಕುವುದು ಮಾಲೀಕರಿಗೆ ಸುಲಭವಲ್ಲ. ಸಮಸ್ಯೆ ಇರುವುದು ಹಂಗಾಮಿನಲ್ಲಿ: ಅಕ್ಟೋಬರಿನ ದಸರಾ ರಜೆಯಲ್ಲೂ ಡಿಸೆಂಬರಿನ ಕೊನೆಯ ವಾರದಲ್ಲೂ ಪ್ರವಾಸಿಗರು ತುಂಬಿರುವಾಗಲೇ ಶಾಲೆಗೂ ರಜೆ ಬರುವುದರಿಂದ, ಆ ದಿನಗಳಿಗೆ ರಜೆಗಿಂತ ಪಾಳಿ ಬದಲಾವಣೆ ಕೇಳುವುದೇ ಒಳ್ಳೆಯದು.

ಸಣ್ಣ ಬೆಳೆಗಾರರ ತೋಟದಲ್ಲಿ ದಿನಗೂಲಿಗೆ ಹೋಗುವವರಿಗೆ ಈ ಯಾವ ಲೆಕ್ಕವೂ ಇಲ್ಲ. ಹೋದ ದಿನಕ್ಕೆ ಕೂಲಿ, ಹೋಗದ ದಿನಕ್ಕೆ ಇಲ್ಲ. ಅವರು ನೋಡಬೇಕಾದದ್ದು ರಜೆಯನ್ನಲ್ಲ, ಮಗುವನ್ನು ಹಗಲು ಬಿಡುವ ಜಾಗವನ್ನು: ಅಂಗನವಾಡಿ, ಹಲವು ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆ, ಅಥವಾ ಪಕ್ಕದ ದೊಡ್ಡ ಎಸ್ಟೇಟಿನ ಶಿಶುಪಾಲನಾ ಕೇಂದ್ರ. ಎಸ್ಟೇಟಿನ ಕೇಂದ್ರ ಮೂಲತಃ ಅಲ್ಲಿನ ಮಹಿಳಾ ಕಾರ್ಮಿಕರ ಮಕ್ಕಳಿಗೆಂದು ಇರುವುದರಿಂದ ಮೊಮ್ಮಗುವನ್ನು ಸೇರಿಸಿಕೊಳ್ಳುವುದು ಆಡಳಿತದ ಮನಸ್ಸಿಗೆ ಬಿಟ್ಟದ್ದು. ಕೇಳಿ ನೋಡುವುದರಲ್ಲಿ ನಷ್ಟವಿಲ್ಲ.

ಈ ದಾರಿಯಲ್ಲಿ ಖರ್ಚಿಲ್ಲ, ಕೋರ್ಟಿಲ್ಲ, ಮಗುವಿನ ಹುಟ್ಟುಮನೆಯ ನಂಟು ಹಾಗೆಯೇ ಉಳಿಯುತ್ತದೆ. ಕೊರತೆಯೆಂದರೆ ರಜೆ ದಿನಗಳ ಲೆಕ್ಕದ್ದು, ತಿಂಗಳ ಲೆಕ್ಕದ್ದಲ್ಲ. ಹೆರಿಗೆಯಲ್ಲಿ ತಾಯಿಯನ್ನು ಕಳೆದುಕೊಂಡ ಹಸುಗೂಸನ್ನು ಸಾಕಲು ಇದು ಏನೇನೂ ಸಾಲದು.

ಪಾಲಕತ್ವದ ಆದೇಶ

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ, ಮಗು ವಾಸವಿರುವ ಜಿಲ್ಲೆಯ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಪಾಲಕರೆಂದು ನೇಮಕವಾಗಬಹುದು. ಅದು ಮಗುವಿಗೆ 18 ತುಂಬುವವರೆಗೆ ನಡೆಯುತ್ತದೆ. ಮಗುವಿನ ಹೆಸರಾಗಲಿ, ಒಕ್ಕವಾಗಲಿ, ಆಸ್ತಿಯ ಹಕ್ಕಾಗಲಿ ಬದಲಾಗುವುದಿಲ್ಲ. ಆದರೆ ತಂದೆ ಅಥವಾ ತಾಯಿ ಬದುಕಿದ್ದು, ಅವರು ಅನರ್ಹರೆಂದು ನ್ಯಾಯಾಲಯಕ್ಕೆ ಅನ್ನಿಸದ ಹೊರತು ಬೇರೆಯವರನ್ನು ನೇಮಿಸುವಂತಿಲ್ಲ. ಹೆತ್ತವರು ಬರೀ ದೂರದ ಊರಿನಲ್ಲಿ ದುಡಿಯುತ್ತಿದ್ದಾರೆ ಎಂಬ ಕಾರಣಕ್ಕೆ ಈ ಬಾಗಿಲು ಬಡಿಯುವುದು ವ್ಯರ್ಥ. ಅಂತಹವರಿಗೆ ಶಾಲೆ ಮತ್ತು ಆಸ್ಪತ್ರೆಯಲ್ಲಿ ತೋರಿಸಲು, ಹೆತ್ತವರಿಬ್ಬರ ಸಹಿಯಿರುವ ಒಪ್ಪಿಗೆ ಪತ್ರವನ್ನು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿಟ್ಟರೆ ದಿನನಿತ್ಯದ ವ್ಯವಹಾರ ನಡೆಯುತ್ತದೆ. ರಜೆ ಅರ್ಜಿಯ ಜೊತೆಗೂ ಅದರ ನಕಲನ್ನು ಲಗತ್ತಿಸಬಹುದು.

ರಜೆಯ ದೃಷ್ಟಿಯಿಂದ ಪಾಲಕತ್ವಕ್ಕೆ ಖಾಸಗಿ ಕೆಲಸದಲ್ಲಿ ಯಾವ ಬೆಲೆಯೂ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಕೋರ್ಟ್ ಆದೇಶ ಕೈಗೆ ಬಂದರೆ ಹೆರಿಗೆ ರಜೆಯಂಥದ್ದೇನೋ ಸಿಗುತ್ತದೆ ಎಂದು ನಂಬಿ ವಕೀಲರಿಗೆ ಹಣ ಕಟ್ಟುವವರಿದ್ದಾರೆ. ಆದರೆ ಅಂಚೆ ಇಲಾಖೆಯಂತಹ ಕೇಂದ್ರ ಸರ್ಕಾರದ ಸೇವೆಯಲ್ಲಿರುವ ಮಹಿಳೆಯರಿಗೆ ಇಲ್ಲೊಂದು ಕಿಟಕಿ ತೆರೆದಿದೆ. 1972ರ ಕೇಂದ್ರ ನಾಗರಿಕ ಸೇವಾ ರಜೆ ನಿಯಮಗಳ 43-ಬಿ ನಿಯಮ, ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಮಹಿಳಾ ನೌಕರರು 1 ವರ್ಷದೊಳಗಿನ ಮಗುವನ್ನು ದತ್ತು ಪಡೆದರೆ 180 ದಿನಗಳ ರಜೆ ಕೊಡುತ್ತದೆ. ಅದೇ ನಿಯಮದ ವಿವರಣೆಯಲ್ಲಿ "ಮಗು" ಎಂಬ ಪದವು 1890ರ ಕಾಯ್ದೆಯಡಿ ಅಥವಾ ನೌಕರರ ವೈಯಕ್ತಿಕ ಕಾನೂನಿನಡಿ ಆಶ್ರಯಕ್ಕೆ ತೆಗೆದುಕೊಂಡ ಮಗುವನ್ನೂ ಒಳಗೊಳ್ಳುತ್ತದೆ ಎಂದಿದೆ. ಷರತ್ತು ಎರಡು: ಮಗು ಕುಟುಂಬದ ಸದಸ್ಯನಂತೆ ನೌಕರರ ಜೊತೆಯಲ್ಲೇ ವಾಸಿಸಬೇಕು, ಜೊತೆಗೆ, ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗಿರುವ ಸ್ಥಾನವನ್ನೇ ಆ ಮಗುವಿಗೂ ಕೊಡುವ ವಿಶೇಷ ಉಯಿಲನ್ನು ನೌಕರರು ಬರೆದಿರಬೇಕು. ಅಂದರೆ ದತ್ತಿಗೆ ಹೋಗದೆ, ತೀರಿಕೊಂಡ ಅಕ್ಕನ ಎಳೆಗೂಸಿನ ಪಾಲಕಿಯಾಗಿಯೂ 180 ದಿನ ಪಡೆಯುವ ಸಾಧ್ಯತೆ ಇದೆ. ಉಯಿಲು ಎಂದರೆ ಸ್ವಂತ ಮಕ್ಕಳ ಪಾಲಿನಲ್ಲಿ ಇನ್ನೊಬ್ಬರಿಗೆ ಜಾಗ ಮಾಡುವುದು. ಅದನ್ನು ಮನೆಯಲ್ಲಿ ಎಲ್ಲರೂ ಕುಳಿತು ಮಾತಾಡಿಯೇ ಮಾಡಬೇಕು, ಬರೀ ರಜೆಗಾಗಿ ಬರೆದು ಮರೆಯುವ ಕಾಗದ ಅದಲ್ಲ.

ದತ್ತು: ದೊಡ್ಡ ಹೆಜ್ಜೆ, ಚಿಕ್ಕ ರಜೆ

ದತ್ತು ಪಡೆದರೆ ರಜೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಅರ್ಧ ಸತ್ಯ. ಖಾಸಗಿ ಸಂಸ್ಥೆಗಳಿಗೂ ತೋಟಗಳಿಗೂ ಅನ್ವಯಿಸುವಂತೆ, 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಂದ ತಿದ್ದುಪಡಿ ದತ್ತು ತಾಯಿಗೆ 12 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಆದರೆ ಮಗು 3 ತಿಂಗಳಿಗಿಂತ ಚಿಕ್ಕದಿರಬೇಕು ಎಂದಿತು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕೆಂಬ ಷರತ್ತೂ ಇದೆ. ಈ 3 ತಿಂಗಳ ಮಿತಿಯನ್ನು ಸುಪ್ರೀಂ ಕೋರ್ಟ್ 2026ರಲ್ಲಿ ರದ್ದುಪಡಿಸಿತು. ಆದರೂ ನೀವು ಅರ್ಜಿ ಹಾಕುವ ದಿನ ನಿಯಮದ ಸ್ಥಿತಿ ಏನೆಂದು ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಒಂದಂತೂ ನಿಜ: ಈ ರಜೆ ಇರುವುದು ದತ್ತು ತಾಯಿಗೆ ಮಾತ್ರ, ಸೋದರಮಾವನಿಗೂ ಅಜ್ಜನಿಗೂ ಅದರಲ್ಲಿ ಪಾಲಿಲ್ಲ.

ದತ್ತಿಗೆ ಎರಡು ಕಾನೂನುಗಳಿವೆ, ಅವುಗಳ ನಡುವೆ ಆರಿಸುವುದೇ ಇನ್ನೊಂದು ಗೊಂದಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ, 15 ವರ್ಷದೊಳಗಿನ ಮಗುವನ್ನು ತಂದೆ ಅಥವಾ ತಾಯಿ ಕೊಟ್ಟು ಇನ್ನೊಬ್ಬರು ತೆಗೆದುಕೊಂಡು ದತ್ತು ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಹೆರಿಗೆಯಲ್ಲಿ ತಾಯಿ ತೀರಿಕೊಂಡು, ತಂದೆ ಒಪ್ಪಿ, ಚಿಕ್ಕಮ್ಮ ದತ್ತು ಪಡೆಯುವ ಸಂದರ್ಭದಲ್ಲಿ 3 ತಿಂಗಳ ಮಿತಿ ಇದ್ದಾಗ ಅದನ್ನು ಹಿಡಿಯಲು ಸಾಧ್ಯವಿದ್ದದ್ದು ಬಹುಮಟ್ಟಿಗೆ ಈ ದಾರಿಯಲ್ಲೇ. ಆದರೆ ಇದರ ಷರತ್ತೊಂದು ನಮ್ಮ ಕುಟುಂಬಗಳಿಗೆ ಅಡ್ಡ ನಿಲ್ಲುತ್ತದೆ: ಗಂಡುಮಗುವನ್ನು ದತ್ತು ಪಡೆಯುವವರಿಗೆ ಬದುಕಿರುವ ಮಗನಾಗಲಿ, ಮಗನ ಮಗನಾಗಲಿ ಇರಬಾರದು, ಹೆಣ್ಣುಮಗುವನ್ನು ಪಡೆಯುವವರಿಗೆ ಮಗಳಾಗಲಿ, ಮಗನ ಮಗಳಾಗಲಿ ಇರಬಾರದು. ಒಬ್ಬ ಮಗನಿರುವ ಅಜ್ಜಿ ಮಗಳ ಮಗನನ್ನು ಈ ಕಾಯ್ದೆಯಡಿ ದತ್ತು ತೆಗೆದುಕೊಳ್ಳುವಂತಿಲ್ಲ, ಮಗನಿರುವ ಚಿಕ್ಕಪ್ಪ ಅಣ್ಣನ ಮಗನನ್ನು ತೆಗೆದುಕೊಳ್ಳುವಂತಿಲ್ಲ. ಕೊಡಗಿನಲ್ಲಿ ಮರೆಯಬಾರದ ಇನ್ನೊಂದು ಸಂಗತಿಯೆಂದರೆ, ಕೇಂದ್ರ ಸರ್ಕಾರ ಬೇರೆಯಾಗಿ ಅಧಿಸೂಚಿಸದ ಹೊರತು ಈ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಯರವ, ಜೇನುಕುರುಬ ಕುಟುಂಬಗಳಲ್ಲಿ ಯಾರಾದರೂ ಇದರ ಹೆಸರಿನಲ್ಲಿ ಪತ್ರ ಬರೆಸಿಕೊಡಲು ಮುಂದೆ ಬಂದರೆ ಎಚ್ಚರದಿಂದಿರಬೇಕು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೂ ಈ ಕಾಯ್ದೆ ಇಲ್ಲ.

ಈ ಎಲ್ಲರಿಗೂ ತೆರೆದಿರುವುದು 2015ರ ಬಾಲನ್ಯಾಯ ಕಾಯ್ದೆಯ ಬಂಧು ದತ್ತು. ಯಾವ ಧರ್ಮದವರೂ ಬಾಲನ್ಯಾಯ ಕಾಯ್ದೆಯಡಿ ದತ್ತು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಇಲ್ಲಿ "ಬಂಧು" ಎಂದರೆ ಚಿಕ್ಕಪ್ಪ ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ ದೊಡ್ಡಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಇಷ್ಟೇ. ತಮ್ಮನನ್ನು ಸಾಕುವ ಅಕ್ಕ ಈ ಪಟ್ಟಿಯಲ್ಲಿಲ್ಲ. ಅವಳಿಗೆ ಪಾಲಕತ್ವವೇ ದಾರಿ. ಸ್ವಂತ ಮಕ್ಕಳಿದ್ದಾರೆಂಬ ಅಡ್ಡಿ ಇಲ್ಲಿಲ್ಲ, ದತ್ತು ಪಡೆಯುವವರಿಗಿರುವ ವಯೋಮಿತಿಯೂ ಬಂಧುಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಅರವತ್ತು ದಾಟಿದ ಅಜ್ಜಿಯೂ ಅರ್ಜಿ ಹಾಕಬಹುದು. ಆನ್‌ಲೈನ್ ನೋಂದಣಿ, ಹೆತ್ತವರ ಒಪ್ಪಿಗೆ ಅಥವಾ ಅವರಿಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕುಟುಂಬ ವರದಿ, 5 ವರ್ಷ ತುಂಬಿದ ಮಗುವಾದರೆ ಅದರದೇ ಒಪ್ಪಿಗೆ, ಇವೆಲ್ಲ ಆದ ಮೇಲೆ ಜಿಲ್ಲಾಧಿಕಾರಿಗಳು ಆದೇಶ ಕೊಡುತ್ತಾರೆ. 2022ಕ್ಕೆ ಮೊದಲು ಈ ಆದೇಶಕ್ಕೆ ಕೋರ್ಟಿಗೆ ಹೋಗಬೇಕಿತ್ತು. ಅರ್ಜಿ ಸಲ್ಲಿಸಿದ ಮೇಲೆ 2 ತಿಂಗಳೊಳಗೆ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ಅದಕ್ಕೂ ಮುಂಚಿನ ಕಾಗದಪತ್ರಗಳಿಗೆ ಹಿಡಿಯುವ ಕಾಲವನ್ನು ಸೇರಿಸಿದರೆ ಹಸುಗೂಸಿಗೆ 3 ತಿಂಗಳು ದಾಟಿಯೇ ಇರುತ್ತದೆ. ಆ ಮಿತಿ ಇದ್ದಷ್ಟು ಕಾಲ ರಜೆ ಕೊಡುವ ನಿಯಮ ಒಂದು ವೇಗದಲ್ಲಿ, ದತ್ತು ಕೊಡುವ ನಿಯಮ ಇನ್ನೊಂದು ವೇಗದಲ್ಲಿ ನಡೆಯುತ್ತಿತ್ತು.

ಸರ್ಕಾರಿ ನೌಕರರಿಗೆ ದತ್ತಿನಿಂದ ಆಗುವ ದೊಡ್ಡ ಲಾಭ ದತ್ತು ರಜೆಗಿಂತ ಹೆಚ್ಚಾಗಿ ಶಿಶುಪಾಲನಾ ರಜೆಯಲ್ಲಿದೆ. ದತ್ತು ಮಗು ಕಾನೂನಿನ ಕಣ್ಣಲ್ಲಿ ಸ್ವಂತ ಮಗುವಾದ್ದರಿಂದ ಆ ರಜೆಯ ಬಾಗಿಲು ತೆರೆಯುತ್ತದೆ. ಕೇಂದ್ರದ ಮಹಿಳಾ ನೌಕರರಿಗೂ ಒಂಟಿ ಪುರುಷ ನೌಕರರಿಗೂ ಇಡೀ ಸೇವೆಯಲ್ಲಿ 730 ದಿನ ಸಿಗುತ್ತದೆ, ಮೊದಲ 365 ದಿನಕ್ಕೆ ಪೂರ್ಣ ಸಂಬಳ, ಉಳಿದದ್ದಕ್ಕೆ ಶೇ. 80. ರಾಜ್ಯ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ, 2023ರಲ್ಲಿ ಒಂಟಿ ಪುರುಷ ನೌಕರರಿಗೆ ಮಗುವಿಗೆ 18 ತುಂಬುವವರೆಗೆ ಬಳಸಬಹುದಾದ 180 ದಿನಗಳ ರಜೆಯನ್ನು ಕೊಟ್ಟಿತು. ಮಗು ಚಿಕ್ಕದಿರುವಾಗ ಮಾತ್ರವಲ್ಲ, ಹತ್ತನೇ ತರಗತಿಯ ಪರೀಕ್ಷೆಯ ಹೊತ್ತಿಗೂ ಬಳಸಬಹುದಾದದ್ದರಿಂದ ಇದರ ಬೆಲೆ ದೊಡ್ಡದು.

ಆದರೆ ಮೊದಲೇ ಕೇಳಿದ ನಾಲ್ಕನೆಯ ಪ್ರಶ್ನೆ ಇಲ್ಲಿಗೆ ಬರುತ್ತದೆ. ಕೇಂದ್ರದ ನಿಯಮದಲ್ಲಿ ಶಿಶುಪಾಲನಾ ರಜೆ ಬದುಕಿರುವ ಇಬ್ಬರು ಹಿರಿಯ ಮಕ್ಕಳಿಗೆ ಮಾತ್ರ. ದತ್ತು ರಜೆಯೂ ಇಬ್ಬರಿಗಿಂತ ಕಡಿಮೆ ಮಕ್ಕಳಿದ್ದವರಿಗೆ ಮಾತ್ರ. ಮಡಿಕೇರಿಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ, ಆರನೇ ತರಗತಿ ಮತ್ತು ಒಂಬತ್ತನೇ ತರಗತಿಯ ಇಬ್ಬರು ಮಕ್ಕಳಿರುವ ಚಿಕ್ಕಮ್ಮ, ತೀರಿಕೊಂಡ ಅಕ್ಕನ ನಾಲ್ಕು ವರ್ಷದ ಮಗುವನ್ನು ದತ್ತು ಪಡೆದರೂ ಅದರಿಂದ ಅವಳಿಗೆ ಒಂದು ದಿನದ ಹೊಸ ರಜೆಯೂ ಬರುವುದಿಲ್ಲ. ಮದುವೆಯಾಗದ ಅಥವಾ ಮಕ್ಕಳಿಲ್ಲದ ಸೋದರತ್ತೆಯೊಬ್ಬಳು ಅದೇ ಹುದ್ದೆಯಲ್ಲಿದ್ದು ಅದೇ ಮಗುವನ್ನು ಪಡೆದರೆ, ಅವಳಿಗೆ 730 ದಿನ. ಕುಟುಂಬದಲ್ಲಿ ಯಾರು ದತ್ತು ತೆಗೆದುಕೊಳ್ಳಬೇಕು ಎಂಬ ಮಾತುಕತೆಯಲ್ಲಿ ಈ ಲೆಕ್ಕವನ್ನು ಒಮ್ಮೆಯಾದರೂ ಮೇಜಿನ ಮೇಲಿಡಬೇಕು. ಪ್ರೀತಿಯ ವಿಷಯದಲ್ಲಿ ಲೆಕ್ಕವೇಕೆ ಎಂದು ಹಿರಿಯರು ಗದರಿದರೂ ಸರಿ.

ಇನ್ನು ಐದನೆಯ ಪ್ರಶ್ನೆ. ದತ್ತು ಒಮ್ಮೆ ಆದರೆ ಹಿಂತೆಗೆಯುವಂತಿಲ್ಲ. ಹಿಂದೂ ಕಾಯ್ದೆಯಡಿ ಮಗು ಹುಟ್ಟಿದ ಮನೆಯಿಂದ ಬೇರ್ಪಟ್ಟು ದತ್ತು ಮನೆಯದಾಗುತ್ತದೆ. ಈಗಾಗಲೇ ಮಗುವಿನ ಹೆಸರಿಗೆ ಸೇರಿದ ಆಸ್ತಿ ಉಳಿಯುತ್ತದೆಯೇ ಹೊರತು, ಮುಂದೆ ಆ ಮನೆಯಿಂದ ಬರಬಹುದಾದ ಪಾಲು ಉಳಿಯುವುದಿಲ್ಲ. ಸೋದರಮಾವ ದತ್ತು ತೆಗೆದುಕೊಂಡರೆ ಮಗುವಿನ ಒಕ್ಕವೇ ಬದಲಾಗುತ್ತದೆ, ತಂದೆಯ ಒಕ್ಕಕ್ಕೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಮೇಲಿನ ನಿರೀಕ್ಷೆಯೂ ಅದರ ಜೊತೆಗೆ ಹೋಗುತ್ತದೆ. ತಂದೆ ಬದುಕಿದ್ದು ಮುಂದೆ ಮಗುವನ್ನು ಕರೆದುಕೊಂಡು ಹೋಗುವ ಸಾಧ್ಯತೆ ಸ್ವಲ್ಪವೇ ಇದ್ದರೂ, 12 ವಾರದ ರಜೆಗಾಗಿ ಇಂತಹ ಹೆಜ್ಜೆ ಇಡಬಾರದು ಎಂದೇ ನಾನು ಹೇಳುತ್ತೇನೆ.

ರಜೆಯ ಬದಲು ಹಣ

ನಾಲ್ಕನೆಯ ದಾರಿ ರಜೆ ಕೊಡುವುದಿಲ್ಲ, ಸಂಬಳವಿಲ್ಲದ ರಜೆಯನ್ನು ಸಹನೀಯ ಮಾಡುತ್ತದೆ. ಬಾಲನ್ಯಾಯ ಕಾಯ್ದೆಯ ಪ್ರಾಯೋಜಕತ್ವಕ್ಕೆ, ಅನಾಥರಾಗಿ ವಿಸ್ತೃತ ಕುಟುಂಬದಲ್ಲಿ ಬೆಳೆಯುತ್ತಿರುವ ಮಕ್ಕಳು ಅರ್ಹರು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯ ಪ್ರಕಾರ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಗ್ರಾಮೀಣ ಪ್ರದೇಶದಲ್ಲಿ 72,000, ಉಳಿದೆಡೆ 96,000 ರೂಪಾಯಿ ದಾಟಿರಬಾರದು. ಇದನ್ನು ಪೋಷಕ ಆರೈಕೆಯೊಂದಿಗೆ ಬೆರೆಸಬೇಡಿ. ಫಾಸ್ಟರ್ ಕೇರ್ ಎಂದು ಕರೆಯುವ ಆ ವ್ಯವಸ್ಥೆ ಮಗುವನ್ನು ಬೇರೆ ಕುಟುಂಬದಲ್ಲಿ ಇರಿಸುವುದಕ್ಕಾಗಿ ಇದೆ.

ದಿನಗೂಲಿ 400 ಎಂದಿಟ್ಟುಕೊಂಡರೆ, 4,000 ರೂಪಾಯಿ ತಿಂಗಳಿಗೆ ಹತ್ತು ದಿನ ಮನೆಯಲ್ಲಿ ಉಳಿಯಲು ಸಾಕಾಗುವ ಮೊತ್ತ. ಯಾವ ರಜೆ ಕಾನೂನೂ ದಿನಗೂಲಿಯ ಅಜ್ಜಿಗೆ ಇಷ್ಟನ್ನು ಕೊಡುವುದಿಲ್ಲ. ಆದರೆ ಅದೇ ಕೂಲಿಯಲ್ಲಿ 180 ದಿನ ದುಡಿದರೆ 72,000 ಆಗಿಬಿಡುತ್ತದೆ, ಅಂದರೆ ಅಜ್ಜ ಅಜ್ಜಿ ಇಬ್ಬರೂ ವರ್ಷವಿಡೀ ದುಡಿಯುವ ಮನೆ ಮಿತಿಯಿಂದ ಹೊರಗೆ ಬೀಳುತ್ತದೆ. ಈ ದಾರಿ ನಿಜವಾಗಿ ಒದಗುವುದು ದುಡಿಯುವವರು ಒಬ್ಬರೇ ಇದ್ದು, ಅವರೂ ಮಗುವಿಗಾಗಿ ಕೆಲಸ ಅರ್ಧಕ್ಕೆ ಇಳಿಸಿದ ಮನೆಗೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಕೇಳಬಹುದು.

ಯಾರಿಗೆ ಯಾವುದು

ಹೆತ್ತವರು ಬದುಕಿದ್ದು ದೂರದಲ್ಲಿ ದುಡಿಯುತ್ತಿದ್ದರೆ, ನೀವು ಯಾವ ಕೆಲಸದಲ್ಲಿದ್ದರೂ ಮೊದಲ ದಾರಿಯೇ ಸಾಕು. ಒಪ್ಪಿಗೆ ಪತ್ರ ಮಾಡಿಸಿ, ರಜೆಯನ್ನು ಮಳೆಗಾಲಕ್ಕೆ ಉಳಿಸಿ. ಹೆತ್ತವರಿಲ್ಲದ, ಶಾಲೆಗೆ ಹೋಗುವ ಮಗುವನ್ನು ದಿನಗೂಲಿಯವರು ಸಾಕುತ್ತಿದ್ದರೆ ಪ್ರಾಯೋಜಕತ್ವಕ್ಕೆ ಮೊದಲು ಅರ್ಜಿ ಹಾಕಿ, ಪಾಲಕತ್ವವನ್ನು ಆಮೇಲೆ ನೋಡಿ. ಖಾಸಗಿ ಕೆಲಸದಲ್ಲಿರುವ ಮಹಿಳೆಗೆ ದತ್ತು ರಜೆಯ ದಾರಿ ಒಪ್ಪುವುದು ದತ್ತು ಹೇಗಿದ್ದರೂ ಆಗಲೇಬೇಕೆಂದು ಕುಟುಂಬ ತೀರ್ಮಾನಿಸಿದ್ದಾಗ ಮಾತ್ರ. ಮಕ್ಕಳಿಲ್ಲದ ಅಥವಾ ಒಂದೇ ಮಗುವಿರುವ ಸರ್ಕಾರಿ ನೌಕರರಿಗೆ, ಮಗು ಅನಾಥವಾಗಿದ್ದರೆ, ದತ್ತು ಎಲ್ಲ ರೀತಿಯಿಂದಲೂ ಬಲವಾದ ಆಯ್ಕೆ. ದತ್ತಿಗೆ ಮನಸ್ಸು ಒಪ್ಪದ ಕೇಂದ್ರದ ಮಹಿಳಾ ನೌಕರರಿಗೆ, ಮಗು 1 ವರ್ಷದೊಳಗಿದ್ದರೆ, ಪಾಲಕತ್ವ ಮತ್ತು ಉಯಿಲಿನ ಜೋಡಿ ಇದೆ.

ಕೋರ್ಟಿನ ಖರ್ಚಿಗೆ ಹೆದರುವವರು ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು. 1987ರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯಲು ಅರ್ಹರು, ಸಹಾಯವಾಣಿ 15100.

ಯಾವ ದಾರಿ ಹಿಡಿದರೂ ರಜೆಯನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಮಗುವಿನ ಹೆಸರು, ವಯಸ್ಸು, ನಿಮಗೂ ಮಗುವಿಗೂ ಇರುವ ನಂಟು, ಮಗು ನಿಮ್ಮ ಮನೆಯಲ್ಲಿ ಎಂದಿನಿಂದ ಇದೆ ಎಂಬುದು, ಶಾಲೆಯ ದೃಢೀಕರಣ, ಮಳೆಗಾಲದಲ್ಲಿ ಬೇಕಾಗಬಹುದಾದ ದಿನಗಳ ಅಂದಾಜು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಮೇ ತಿಂಗಳೊಳಗೆ ರೈಟರಿಗೋ ಮ್ಯಾನೇಜರಿಗೋ ಕಚೇರಿಯ ಮುಖ್ಯಸ್ಥರಿಗೋ ಕೊಡಿ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕರಿಸಿದ ಸಹಿ ಮತ್ತು ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ.